ಕಿಂಬರ್ಲಿಯ ಕಮರಿ, ಕತ್ತಲ ಗವಿ: ಡರ್ಬಿಯಿಂದ ಒಂದು ದಿನದ ಗೈಡ್ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಪರ್ತ್‌ನಲ್ಲಿರುವ ನಾವು ಊರಿಂದ ಅಪ್ಪ-ಅಮ್ಮ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ ಹೇಳಿ? ಕಿಂಗ್ಸ್ ಪಾರ್ಕ್, ರಾಟ್‌ನೆಸ್ಟ್ ದ್ವೀಪ, ಜಾಸ್ತಿ ಅಂದರೆ ಮಾರ್ಗರೆಟ್ ರಿವರ್. ಅಲ್ಲಿಗೆ ಮೂರು ತಿಂಗಳು ಮುಗಿಯುತ್ತದೆ. ಇದೇ ಪಶ್ಚಿಮ ಆಸ್ಟ್ರೇಲಿಯ ರಾಜ್ಯದ ಉತ್ತರ ತುದಿಯಲ್ಲಿ ಕಿಂಬರ್ಲಿ ಅಂತ ಒಂದು ಸೀಮೆ ಇದೆ. ಅಲ್ಲಿ ವಿಂಜಾನಾ ಎಂಬ ಕಮರಿ, ಅದರಿಂದ 35 ಕಿ.ಮೀ. ದೂರದಲ್ಲಿ ಟನಲ್ ಕ್ರೀಕ್ ಎಂಬ ಗವಿ. ಎರಡನ್ನೂ ಒಂದೇ ದಿನದಲ್ಲಿ, ಗೈಡ್ ಜೊತೆಗೆ ನೋಡಿ ಬರಬಹುದು. ನಾನು ಎರಡು ಸಲ ಹೋಗಿದ್ದೇನೆ. ಎರಡನೇ ಸಲ 67 ವರ್ಷದ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಆಮೇಲೆ ಸ್ನೇಹಿತರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಈ ಪ್ರವಾಸವನ್ನು "ಎರಡು ಜಾಗ ನೋಡಿ ಬರೋದು" ಅಂತ ಅಂದುಕೊಂಡರೆ ಅರ್ಧ ಮಾತ್ರ ಸಿಗುತ್ತದೆ. ಕಮರಿ, ಗವಿ ಎರಡೂ ಒಂದೇ ಗೋಡೆಯಲ್ಲಿವೆ. ಆ ಗೋಡೆ ಒಂದು ಕಾಲದಲ್ಲಿ ಸಮುದ್ರದೊಳಗಿತ್ತು. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿ ಬಾಳಿರುವ ಜನ ಇವತ್ತಿಗೂ ಅಲ್ಲೇ ಇದ್ದಾರೆ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಪ್ರತಿ ಕಲ್ಲೂ ಬೇರೆಯಾಗಿ ಕಾಣುತ್ತದೆ.

ಹಂತ 1: ತಿಂಗಳು ಆರಿಸಿ, ಆಮೇಲೆ ರಜೆ ಹಾಕಿ

ಕಿಂಬರ್ಲಿಯಲ್ಲಿ ಲೆಕ್ಕಕ್ಕಿರುವುದು ಎರಡೇ ಕಾಲ: ಮಳೆಗಾಲ, ಒಣಗಾಲ. ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಚಂಡಮಾರುತ, ತಡೆಯಲಾಗದ ಸೆಕೆ. ಆ ಸಮಯದಲ್ಲಿ ಗವಿಯೊಳಗೆ ತೊರೆ ತುಂಬಿ ಹರಿಯುತ್ತದೆ, ಮಣ್ಣಿನ ರಸ್ತೆಗಳನ್ನು ಮುಚ್ಚುತ್ತಾರೆ, ಎರಡೂ ಜಾಗದ ರಾಷ್ಟ್ರೀಯ ಪಾರ್ಕ್ ಬಾಗಿಲೂ ಬಂದ್. ಇಲ್ಲಿನ ಮಳೆ ಅಂದರೆ ಎಂಥದ್ದು ಅಂತ ತಿಳಿಯಲು 2023ರ ಜನವರಿಯನ್ನು ನೆನಪಿಸಿಕೊಳ್ಳಿ. ಆಗ ಫಿಟ್ಸ್‌ರಾಯ್ ನದಿಯ ಪ್ರವಾಹ ಫಿಟ್ಸ್‌ರಾಯ್ ಕ್ರಾಸಿಂಗ್ ಊರಿನ ಹೆದ್ದಾರಿ ಸೇತುವೆಯನ್ನೇ ಮುರಿದು ಹಾಕಿತ್ತು. ಹೊಸ ಸೇತುವೆ ತೆರೆದಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ.

ಹೋಗಬೇಕಾದದ್ದು ಮೇ ಕೊನೆಯಿಂದ ಸೆಪ್ಟೆಂಬರ್ ಒಳಗೆ. ನನ್ನ ಮಟ್ಟಿಗೆ ಜೂನ್ ಕೊನೆ, ಜುಲೈ ಮೊದಲ ವಾರಗಳೇ ಒಳ್ಳೆಯದು. ಹಗಲು 30 ಡಿಗ್ರಿ ಆಸುಪಾಸು, ರಾತ್ರಿ ಒಂದು ಸ್ವೆಟರ್ ಬೇಕಾಗುವಷ್ಟು ಚಳಿ. ಬೆಳಗಿನ ಚಳಿಗೆ ಮೊಸಳೆಗಳು ಮರಳಿನ ಮೇಲೆ ಬಂದು ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿರುತ್ತವೆ. ಆದರೆ ಆಗಲೇ ಶಾಲೆಗಳಿಗೂ ರಜೆ ಬರುತ್ತದೆ. ಆದ್ದರಿಂದ ನಾಲ್ಕೈದು ತಿಂಗಳು ಮುಂಚೆಯೇ ಬುಕ್ ಮಾಡಬೇಕು. ಸೆಪ್ಟೆಂಬರ್ ದಾಟಿತು ಅಂದರೆ ಸೆಕೆ ಏರುತ್ತದೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಆಮೇಲೆ ಬೇಡ.

ಒಣಗಾಲ ಶುರುವಾದ ತಕ್ಷಣ ರಸ್ತೆ ತೆರೆಯುತ್ತದೆ ಅಂತಲೂ ನಂಬಬೇಡಿ. ನೀರು ಇಳಿಯಬೇಕು, ರಸ್ತೆ ಒಣಗಬೇಕು, ಗ್ರೇಡರ್ ಓಡಿಸಿ ಸಮ ಮಾಡಬೇಕು. ಕೆಲವು ವರ್ಷ ಇದೆಲ್ಲ ತಡವಾಗುತ್ತದೆ. ಹೊರಡುವ ವಾರದಲ್ಲಿ ರಾಜ್ಯದ ಉದ್ಯಾನ ಇಲಾಖೆಯ ಎಚ್ಚರಿಕೆ ಪುಟ, ಮೇನ್ ರೋಡ್ಸ್ ಇಲಾಖೆಯ ರಸ್ತೆ ನಕ್ಷೆ ಎರಡನ್ನೂ ನೋಡಲೇಬೇಕು.

ಹಂತ 2: ಎಲ್ಲಿಂದ ಹೊರಡುವುದು? ಇದೇ ದೊಡ್ಡ ತೀರ್ಮಾನ

ಪರ್ತ್‌ನಿಂದ ಕಿಂಬರ್ಲಿಯ ಕರಾವಳಿ ಊರು ಬ್ರೂಮ್‌ಗೆ ವಿಮಾನದಲ್ಲಿ ಎರಡೂವರೆ ಗಂಟೆ. ಕಾರಿನಲ್ಲಾದರೆ 2,200 ಕಿ.ಮೀ.ಗೂ ಹೆಚ್ಚು, ಆ ಯೋಚನೆ ಬಿಡಿ. ಬೆಂಗಳೂರಿನಿಂದ ನೇರ ಬರುವವರು ಸಿಂಗಪುರ ಅಥವಾ ಕೌಲಾಲಂಪುರದ ಮೂಲಕ ಪರ್ತ್‌ಗೆ ಬಂದು, ಅಲ್ಲಿಂದ ಬ್ರೂಮ್‌ಗೆ ಹೋಗಬೇಕು.

ಬ್ರೂಮ್‌ನಿಂದಲೇ ಒಂದು ದಿನದ ಪ್ರವಾಸಗಳು ಸಿಗುತ್ತವೆ. ನಾನು ಮೊದಲ ಸಲ ಹೋಗಿದ್ದು ಹಾಗೇ. ಹೋಗಿ ಬರಲು ಸುಮಾರು 800 ಕಿ.ಮೀ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಹುಬ್ಬಳ್ಳಿ ಮುಟ್ಟಿ ಅದೇ ರಾತ್ರಿ ವಾಪಸ್ ಬಂದಷ್ಟು. ಇಡೀ ದಿನ ಬಸ್ಸಿನ ಕಿಟಕಿಯಲ್ಲೇ ಕಳೆಯಿತು. ಗವಿ ಹತ್ತಿರ ಬರುವಷ್ಟರಲ್ಲಿ ಎಲ್ಲರಿಗೂ ಸುಸ್ತು. ಅಲ್ಲಿ ಸಿಕ್ಕಿದ್ದು 40 ನಿಮಿಷ ಮಾತ್ರ, ಅರ್ಧ ದಾರಿಗೆ ವಾಪಸ್ ತಿರುಗಿಸಿದರು. ಗವಿಯ ಇನ್ನೊಂದು ತುದಿಯ ಬೆಳಕು ದೂರದಲ್ಲಿ ಮಿಣುಕ್ ಅಂತ ಕಾಣುತ್ತಿತ್ತು, ಅಲ್ಲಿಗೆ ಹೋಗಲು ಬಿಡಲಿಲ್ಲ. ಆ ಬೇಜಾರಿನಲ್ಲೇ ನಾನು ಎರಡನೇ ಸಲ ಹೋಗಿದ್ದು.

ಹಾಗಾಗಿ ಬ್ರೂಮ್‌ನಿಂದ 220 ಕಿ.ಮೀ. ದೂರದ ಡರ್ಬಿಗೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಪೂರ್ತಿ ಡಾಂಬರು ರಸ್ತೆ, ಮಾಮೂಲಿ ಬಾಡಿಗೆ ಕಾರಿನಲ್ಲೇ ಹೋಗಬಹುದು. ಡರ್ಬಿಯಿಂದ ವಿಂಜಾನಾ ಸುಮಾರು 145 ಕಿ.ಮೀ., ಟನಲ್ ಕ್ರೀಕ್ 180 ಕಿ.ಮೀ. ಪೂರ್ವದ ಫಿಟ್ಸ್‌ರಾಯ್ ಕ್ರಾಸಿಂಗ್‌ನಿಂದಲೂ ಟನಲ್ ಕ್ರೀಕ್‌ಗೆ 110 ಕಿ.ಮೀ. ಅಷ್ಟೇ. ಆದರೆ ಆ ಕಡೆ ವಸತಿ ಕಡಿಮೆ.

ಸ್ವಂತ ಗಾಡಿಯಲ್ಲಿ ಹೋದರೆ ಆಗುವುದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಫೋರ್ ವೀಲ್ ಡ್ರೈವ್ ಇದ್ದು, ಮಣ್ಣಿನ ರಸ್ತೆಯಲ್ಲಿ ಟೈರ್ ಬದಲಾಯಿಸಿ ಅಭ್ಯಾಸ ಇದ್ದರೆ ಖಂಡಿತ ಆಗುತ್ತದೆ. ಮಾಮೂಲಿ ಬಾಡಿಗೆ ಕಾರಿನ ವಿಮೆ ಮಾತ್ರ ಮಣ್ಣಿನ ರಸ್ತೆಗೆ ಅನ್ವಯಿಸುವುದಿಲ್ಲ, ಕರಾರು ಪತ್ರ ಓದಿ ನೋಡಿ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಗೈಡ್ ಜೊತೆಗೇ ಹೋಗಿ ಅಂತ. ರಸ್ತೆ ಕಷ್ಟ ಅಂತಲ್ಲ. ಗೈಡ್ ಇಲ್ಲದೆ ಹೋದರೆ ಆ ಕಲ್ಲು ಏನು, ಆ ಗುರುತು ಏನು ಅಂತ ಹೇಳುವವರೇ ಇರುವುದಿಲ್ಲ.

ಹಂತ 3: ಬುಕ್ ಮಾಡುವ ಮುಂಚೆ ಫೋನ್ ಮಾಡಿ ಇಷ್ಟು ಕೇಳಿ

ಜಾಹೀರಾತಿನ ಫೋಟೋ ಎಲ್ಲರದ್ದೂ ಒಂದೇ ಥರ ಇರುತ್ತದೆ. ಅದಕ್ಕೇ ಫೋನ್ ಮಾಡಿ ಕೇಳಬೇಕು.

ಗವಿಯೊಳಗೆ ಎಷ್ಟು ಹೊತ್ತು ಇರುತ್ತೇವೆ, ಆ ತುದಿಯವರೆಗೆ ಹೋಗುತ್ತೇವಾ? ಇದು ಮೊದಲ ಪ್ರಶ್ನೆ. ಒಂದೂವರೆ ಗಂಟೆಗಿಂತ ಕಡಿಮೆ ಅಂದರೆ ಬೇರೆಯವರನ್ನು ನೋಡಿ. ಎಷ್ಟು ಜನರ ಗುಂಪು? ಹತ್ತು-ಹನ್ನೆರಡು ಜನ ಇದ್ದರೆ ಗೈಡ್ ಮಾತು ಎಲ್ಲರಿಗೂ ಕೇಳುತ್ತದೆ, ನಲವತ್ತು ಜನರಿದ್ದರೆ ಹಿಂದಿನವರಿಗೆ ಬರೀ ಪ್ರತಿಧ್ವನಿ. ಗಾಡಿಯಲ್ಲಿ ಸ್ಯಾಟಲೈಟ್ ಫೋನ್ ಇದೆಯಾ? ಟಾರ್ಚ್ ಅವರೇ ಕೊಡುತ್ತಾರಾ? ರಸ್ತೆ ಮುಚ್ಚಿದರೆ ದುಡ್ಡು ವಾಪಸ್ ಬರುತ್ತದಾ ಅಥವಾ ಬೇರೆ ದಿನ ಕೊಡುತ್ತಾರಾ? ಊಟದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಸುಮ್ನೆ "ವೆಜಿಟೇರಿಯನ್" ಅಂದರೆ ಕೆಲವರು ಮೀನು, ಮೊಟ್ಟೆ ಇಟ್ಟುಬಿಡುತ್ತಾರೆ. "ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ" ಅಂತ ಬಿಡಿಸಿ ಹೇಳಿ.

ಇನ್ನೊಂದು ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ: ಗೈಡ್ ಯಾರು? ಇದು ಬುನುಬಾ ಎಂಬ ಮೂಲನಿವಾಸಿ ಜನರ ನೆಲ. ಅವರು ವಿಂಜಾನಾವನ್ನು ಬಂಡಿಲ್‌ಙನ್ ಅನ್ನುತ್ತಾರೆ, ಟನಲ್ ಕ್ರೀಕ್‌ನ್ನು ಡಿಮಲುರು ಅನ್ನುತ್ತಾರೆ. ಈಗ ಪಾರ್ಕ್‌ಗಳ ಅಧಿಕೃತ ಹೆಸರಿನಲ್ಲೂ ಈ ಹೆಸರುಗಳೇ ಮೊದಲು ಬರುತ್ತವೆ. ಬುನುಬಾ ಜನರೇ ನಡೆಸುವ ಪ್ರವಾಸ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ನಮ್ಮೂರಿನ ಕೆರೆ, ಗುಡಿಯ ಕಥೆಯನ್ನು ಊರವರೇ ಹೇಳಿದಾಗ ಬೇರೆ ಥರ ಇರುತ್ತದೆ ಅಲ್ವಾ, ಹಾಗೇ ಇದು.

ಹಂತ 4: ಚೀಲದಲ್ಲಿ ಏನಿರಬೇಕು

ಶೂ ವಿಷಯ ಮೊದಲು, ಯಾಕಂದರೆ ಜಾಸ್ತಿ ಜನ ತಪ್ಪುವುದು ಇಲ್ಲೇ. ಗವಿಯೊಳಗೆ ನೀರಿನಲ್ಲಿ ನಡೆಯಬೇಕು, ಅದೂ ಕತ್ತಲಲ್ಲಿ, ಉರುಟು ಕಲ್ಲುಗಳ ಮೇಲೆ. ಬರಿಗಾಲು ಬೇಡವೇ ಬೇಡ. ಹವಾಯಿ ಚಪ್ಪಲಿ ನೀರಿನಲ್ಲಿ ಕಳಚಿಕೊಂಡು ಹೋಗುತ್ತದೆ. ದುಬಾರಿ ಚರ್ಮದ ಬೂಟು ಹಾಕಿಕೊಂಡರೆ ಒದ್ದೆಯಾಗಿ ಇಡೀ ಸಂಜೆ ಕಾಲು ಭಾರ. ಒದ್ದೆಯಾದರೂ ಬೇಸರವಿಲ್ಲದ ಹಳೆಯ ಸ್ಪೋರ್ಟ್ಸ್ ಶೂ, ಅಥವಾ ಹಿಂದೆ ಪಟ್ಟಿ ಇರುವ, ಬೆರಳು ಮುಚ್ಚುವ ಸ್ಯಾಂಡಲ್ ಸಾಕು. ಕೆಳಭಾಗದ ಹಿಡಿತ ಮಾತ್ರ ಸವೆದಿರಬಾರದು. ಬದಲಿಸಲು ಒಣ ಕಾಲುಚೀಲ, ಇನ್ನೊಂದು ಜೊತೆ ಚಪ್ಪಲಿ ಗಾಡಿಯಲ್ಲೇ ಬಿಟ್ಟಿರಿ.

ಟಾರ್ಚ್ ತಲೆಗೆ ಕಟ್ಟಿಕೊಳ್ಳುವಂಥದ್ದೇ ಇರಲಿ, ಎರಡೂ ಕೈ ಖಾಲಿ ಇರಬೇಕು. ಮೊಬೈಲ್ ಬೆಳಕನ್ನು ನಂಬಿ ಹೋಗಬೇಡಿ. ಹೊಸ ಬ್ಯಾಟರಿ ಹಾಕಿ, ಹಿಂದಿನ ರಾತ್ರಿ ರೂಮಿನ ದೀಪ ಆರಿಸಿ ಪರೀಕ್ಷೆ ಮಾಡಿ.

ನೀರು ಒಬ್ಬೊಬ್ಬರಿಗೆ ಕನಿಷ್ಠ ಮೂರು ಲೀಟರ್. ಟನಲ್ ಕ್ರೀಕ್‌ನಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ನೊಣಕ್ಕೆ ಮುಖ ಮುಚ್ಚುವ ಬಲೆ. ಈ ಬಲೆಯನ್ನು ನೋಡಿ ಮೊದಲು ನಾನೂ ಬೇಡ ಅಂದಿದ್ದೆ. ಮೂಗು, ಕಣ್ಣಿಗೆ ಬಂದು ಕೂರುವ ಅಲ್ಲಿನ ನೊಣಗಳ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಬಲೆಯ ಬೆಲೆ ಗೊತ್ತಾಗುತ್ತದೆ. ಕ್ಯಾಮೆರಾ, ಫೋನ್, ಮಾತ್ರೆಗಳಿಗೆ ನೀರು ಹೋಗದ ಸಣ್ಣ ಚೀಲ. ಬಟ್ಟೆ ಬೇಗ ಒಣಗುವಂಥದ್ದು. ಜೀನ್ಸ್ ಬೇಡ. ಸೀರೆ, ಉದ್ದ ಚೂಡಿದಾರ್ ಕೂಡ ಗವಿಯೊಳಗೆ ತೊಡರುತ್ತದೆ. ಅಮ್ಮಂದಿರಿಗೆ ಮೊಣಕಾಲವರೆಗೆ ಮಡಚಬಹುದಾದ ಟ್ರ್ಯಾಕ್ ಪ್ಯಾಂಟ್ ಅನುಕೂಲ.

ತಿಂಡಿ ನಾವೇ ಒಂದಿಷ್ಟು ಒಯ್ದಿದ್ದೆವು. ಮೊಸರನ್ನ, ಚಿತ್ರಾನ್ನ ಆ ಬಿಸಿಲಿಗೆ ನಿಲ್ಲುವುದಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಕೊಡುಬಳೆ. ಇವು ಸಂಜೆವರೆಗೂ ಹಾಗೇ ಇದ್ದವು. ಗುಂಪಿನಲ್ಲಿದ್ದವರೆಲ್ಲ ಕೊಡುಬಳೆಗೆ ಕೈ ಚಾಚಿದರು.

ಹಂತ 5: ದಾರಿ

ಬೆಳಿಗ್ಗೆ ಆರೂವರೆಗೆಲ್ಲ ಹೊರಡುತ್ತಾರೆ. ಡರ್ಬಿ ದಾಟುತ್ತಿದ್ದಂತೆ ಗಿಬ್ ರಿವರ್ ರಸ್ತೆ ಶುರು. ಸುಮಾರು 660 ಕಿ.ಮೀ. ಉದ್ದದ ಈ ದಾರಿಯನ್ನು ಮಾಡಿದ್ದೇ ಒಳನಾಡಿನ ದನಗಳನ್ನು ಬಂದರಿಗೆ ಸಾಗಿಸಲು. ಇವತ್ತಿಗೂ ದನ ತುಂಬಿದ, ಸಾಲು ಟ್ರೇಲರ್ ಎಳೆಯುವ ಲಾರಿಗಳಾದ ರೋಡ್ ಟ್ರೇನ್‌ಗಳು ಓಡಾಡುತ್ತವೆ, ಉದ್ದ 53.5 ಮೀಟರ್‌ವರೆಗೆ ಇರುತ್ತದೆ. ಅಂಥದ್ದೊಂದು ಎದುರಿಗೆ ಬಂದರೆ ಕೆಂಪು ಧೂಳಿನಲ್ಲಿ ಸ್ವಲ್ಪ ಹೊತ್ತು ಏನೂ ಕಾಣಿಸುವುದಿಲ್ಲ, ಗೈಡ್ ಗಾಡಿಯನ್ನು ಅಂಚಿಗೆ ತಂದು ನಿಧಾನ ಮಾಡುತ್ತಾರೆ. ಮೊದಲ ಒಂದಷ್ಟು ದೂರ ಡಾಂಬರು, ಆಮೇಲೆ ಮಣ್ಣು. ಮಣ್ಣಿನ ಮೇಲೆ ಉತ್ತ ಹೊಲದ ಸಾಲಿನಂತೆ ಅಡ್ಡಡ್ಡ ಏಣುಗಳು ಎದ್ದಿರುತ್ತವೆ. ಸೊಂಟ ನೋವಿರುವವರು ಹಿಂದಿನ ಸೀಟು ಬಿಟ್ಟು ನಡುವೆ ಕೂರಬೇಕು. ವಾಂತಿ ಬರುವವರು ಮಾತ್ರೆಯನ್ನು ಡರ್ಬಿಯಲ್ಲೇ ತೆಗೆದುಕೊಳ್ಳಿ. ಫೋನ್ ಸಿಗ್ನಲ್ ಕೂಡ ಊರು ಬಿಟ್ಟು ಸ್ವಲ್ಪ ದೂರಕ್ಕೇ ಹೋಗುತ್ತದೆ, ಮನೆಗೆ ಹೇಳುವುದನ್ನೆಲ್ಲ ಹೊರಡುವ ಮುಂಚೆ ಹೇಳಿಬಿಡಿ.

ದಾರಿಯುದ್ದಕ್ಕೂ ಬೋವಾಬ್ ಮರಗಳು. ಹೊಟ್ಟೆ ಊದಿದ ಬಾಟಲಿಯಂಥ ಕಾಂಡ, ಒಣಗಾಲದಲ್ಲಿ ಎಲೆಯೇ ಇರುವುದಿಲ್ಲ. ನಮ್ಮ ಊರು ಹಾವೇರಿ ಕಡೆ. ಅಪ್ಪ ಕಿಟಕಿಯಿಂದ ನೋಡಿದವರೇ, "ಏ, ಇದು ನಮ್ಮ ಸವಣೂರ ದೊಡ್ಡ ಹುಣಸಿ ಗಿಡ ಅಲ್ಲೇನ?" ಅಂದರು. ಅವರು ಹೇಳಿದ್ದು ಸರಿಯೇ. ಸವಣೂರಿನ ದೊಡ್ಡಹುಣಸೆ ಮಠದಲ್ಲಿರುವ ಆ ಮೂರು ದೈತ್ಯ ಮರಗಳು ಆಫ್ರಿಕದ ಬಾವೊಬಾಬ್, ಇವು ಅದೇ ಕುಲದ ಆಸ್ಟ್ರೇಲಿಯದ ಜಾತಿ. ಗೈಡ್‌ಗೆ ಹೇಳಿದಾಗ ಆಕೆ ಗಾಡಿ ನಿಲ್ಲಿಸಿ, ಬಿದ್ದಿದ್ದ ಒಂದು ಕಾಯಿ ತಂದು ಅಪ್ಪನ ಕೈಗೆ ಕೊಟ್ಟಳು. ವೆಲ್ವೆಟ್‌ನಂಥ ತೊಗಟೆ, ಒಡೆದರೆ ಒಳಗೆ ಬಿಳಿ ಹಿಟ್ಟಿನಂಥ ತಿರುಳು. ಅಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು ಹುಳಿ ಇದೆ ಅಂದರು.

ಡರ್ಬಿಯ ಹತ್ತಿರವೇ ಒಂದು ದೊಡ್ಡ ಬೋವಾಬ್ ಇದೆ, "ಪ್ರಿಸನ್ ಟ್ರೀ" ಅಂತ ಕರೆಯುತ್ತಾರೆ. ಪೊಳ್ಳಾದ ಕಾಂಡದೊಳಗೆ ಮೂಲನಿವಾಸಿ ಕೈದಿಗಳನ್ನು ಕೂಡಿಹಾಕುತ್ತಿದ್ದರು ಎಂಬ ಕಥೆ ಪ್ರಸಿದ್ಧ, ಆದರೆ ಅದಕ್ಕೆ ಗಟ್ಟಿ ದಾಖಲೆ ಇಲ್ಲ. ಕೈದಿಗಳ ಕುತ್ತಿಗೆಗೆ ಸರಪಳಿ ಹಾಕಿ ಡರ್ಬಿಗೆ ನಡೆಸಿಕೊಂಡು ಬರುತ್ತಿದ್ದದ್ದು ಮಾತ್ರ ನಿಜ. ಆ ಮರ ಮೂಲನಿವಾಸಿಗಳಿಗೆ ಪವಿತ್ರ ಜಾಗ, ಬೇಲಿ ದಾಟಿ ಹತ್ತಿರ ಹೋಗಬೇಡಿ.

ಹಂತ 6: ಕಮರಿಯಲ್ಲಿ ಬೆಳಿಗ್ಗೆ

ಗಿಬ್ ರಿವರ್ ರಸ್ತೆಯಿಂದ ಬಲಕ್ಕೆ ತಿರುಗಿ 21 ಕಿ.ಮೀ. ಹೋದರೆ ಬಯಲಿನಲ್ಲಿ ಕಪ್ಪು-ಬೂದು ಗೋಡೆಯೊಂದು ಎದ್ದು ನಿಲ್ಲುತ್ತದೆ. ಅದೇ ನೇಪಿಯರ್ ಬೆಟ್ಟಸಾಲು. ಸುಮಾರು 35ರಿಂದ 37 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಕಾಲದಲ್ಲಿ, ಇಲ್ಲಿ ಬೆಚ್ಚಗಿನ ಆಳವಿಲ್ಲದ ಸಮುದ್ರ ಇತ್ತು. ಈ ಗೋಡೆ ಆ ಸಮುದ್ರದ ದಿಬ್ಬ. ಇದನ್ನು ಕಟ್ಟಿದ್ದು ಇವತ್ತಿನಂತೆ ಮುಖ್ಯವಾಗಿ ಹವಳವಲ್ಲ, ಪಾಚಿ ಮತ್ತು ಈಗ ಅಳಿದುಹೋಗಿರುವ ಒಂದು ಬಗೆಯ ಸ್ಪಂಜಿನಂಥ ಜೀವಿಗಳು. ಸಮುದ್ರ ಹೋಯಿತು, ದಿಬ್ಬ ಸುಣ್ಣದಕಲ್ಲಾಗಿ ಉಳಿಯಿತು. ಆಮೇಲೆ ಲೆನಾರ್ಡ್ ನದಿ ಅದನ್ನು ಕೊರೆದು ದಾರಿ ಮಾಡಿಕೊಂಡಿತು. ಹಾಗೆ ಕೊರೆದ ಜಾಗವೇ ವಿಂಜಾನಾ: ಮೂರು ಕಿ.ಮೀ.ಗೂ ಹೆಚ್ಚು ಉದ್ದ, ಕೆಲವು ಕಡೆ ಗೋಡೆ 100 ಮೀಟರ್ ಎತ್ತರ.

ಒಳಗೆ ಹೋಗುವ ದಾರಿ ಬಂಡೆಯ ಸಂದಿಯಲ್ಲಿದೆ. ಅಲ್ಲಿ ತಲೆ ಬಗ್ಗಿಸಿ. ಸಂದಿ ದಾಟಿದ ಮೇಲೆ ನದಿ, ಮರಳು, ಗಲಾಟೆ ಮಾಡುವ ಬಿಳಿ ಕೊರೆಲ್ಲಾ ಗಿಣಿಗಳು. ಗೋಡೆಯಲ್ಲಿ ಪಳೆಯುಳಿಕೆ ಹುಡುಕಲು ಗೈಡ್ ಸಹಾಯ ಬೇಕು. ನಮಗೆ ಒಂದು ಶಂಖದಂಥ ಸುರುಳಿ ತೋರಿಸಿದಳು. ಬೆರಳ ತುದಿಯಷ್ಟು ದೊಡ್ಡದು, ಸುತ್ತಲಿನ ಕಲ್ಲಿಗಿಂತ ಸ್ವಲ್ಪ ಬಿಳಿ. ಬರಿಗಣ್ಣಿಗೆ ನಾನಾಗಿದ್ದರೆ ನೂರು ಸಲ ದಾಟಿ ಹೋಗುತ್ತಿದ್ದೆ. ನೋಡಿ, ಫೋಟೋ ತೆಗೆಯಿರಿ. ಕೀಳುವುದು, ಕಲ್ಲು ಜೇಬಿಗೆ ಹಾಕಿಕೊಳ್ಳುವುದು ಅಪರಾಧ.

ಮೊಸಳೆಗಳ ವಿಷಯ. ಇಲ್ಲಿರುವವು ಸಿಹಿನೀರಿನ ಮೊಸಳೆಗಳು. ಸಪೂರ ಮೂತಿ, ಮೀನು-ಕಪ್ಪೆ ತಿನ್ನುತ್ತವೆ, ಕೆಣಕದಿದ್ದರೆ ಮನುಷ್ಯರ ತಂಟೆಗೆ ಬರುವುದಿಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿ ನೋಡುತ್ತೇವಲ್ಲ, ಅಗಲ ಮೂತಿಯವು, ಅವುಗಳಿಗಿಂತ ಸಾಧು. ಹಾಗಂತ ಹತ್ತಿರ ಹೋಗಿ ಸೆಲ್ಫಿ ತೆಗೆಯುವುದು ಬೇಡ. ಅದರ ಮತ್ತು ನೀರಿನ ನಡುವೆ ಯಾವತ್ತೂ ನಿಲ್ಲಬಾರದು. ಗಾಬರಿಯಾದರೆ ಅದು ಓಡುವುದು ನೀರಿಗೇ. ಈಜಲೂ ಇಳಿಯಬೇಡಿ. ಕರಾವಳಿ ಕಡೆಯ ನದಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅವು ನಿಜಕ್ಕೂ ಮನುಷ್ಯರನ್ನು ಕೊಲ್ಲುತ್ತವೆ. ಅದಕ್ಕೇ ಕಿಂಬರ್ಲಿಯಲ್ಲಿ ಎಲ್ಲೇ ನೀರು ಕಂಡರೂ ಗೈಡನ್ನು ಕೇಳದೆ ಇಳಿಯಬಾರದು.

ಈ ಸಾಧು ಮೊಸಳೆಗಳಿಗೆ ಬಂದ ಕಷ್ಟ ಕೇಳಿದರೆ ಹೊಟ್ಟೆ ಉರಿಯುತ್ತದೆ. 1935ರಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಬ್ಬಿನ ದುಂಬಿ ತಿನ್ನಲಿ ಅಂತ ಹೊರಗಿನಿಂದ ಕೇನ್ ಟೋಡ್ ಎಂಬ ವಿಷದ ಕಪ್ಪೆಗಳನ್ನು ತಂದು ಬಿಟ್ಟರು. ಅವು ದುಂಬಿ ತಿನ್ನಲಿಲ್ಲ, ಬದಲಿಗೆ ವರ್ಷ ವರ್ಷ ಪಶ್ಚಿಮಕ್ಕೆ ಹಬ್ಬುತ್ತಾ ಕಿಂಬರ್ಲಿಗೂ ಬಂದವು. ಅವನ್ನು ತಿಂದು ಮೊಸಳೆಗಳು ರಾಶಿ ರಾಶಿ ಸತ್ತವು. ಬುನುಬಾ ರೇಂಜರ್‌ಗಳು ವಿಜ್ಞಾನಿಗಳ ಜೊತೆ ಸೇರಿ ಒಂದು ಉಪಾಯ ಮಾಡಿದರು. ಸತ್ತ ಕಪ್ಪೆಯ ವಿಷದ ಭಾಗ ತೆಗೆದು, ಹೊಟ್ಟೆ ತೊಳಸುವಂಥ ರಾಸಾಯನಿಕ ಸೇರಿಸಿ ನದಿ ದಡದಲ್ಲಿ ಇಟ್ಟರು. ತಿಂದ ಮೊಸಳೆಗೆ ಜೀವ ಹೋಗುವುದಿಲ್ಲ, ವಾಕರಿಕೆ ಬರುತ್ತದೆ, ಆಮೇಲೆ ಆ ಕಪ್ಪೆಯ ಸಹವಾಸಕ್ಕೇ ಹೋಗುವುದಿಲ್ಲ. ಇದು ಕೆಲಸ ಮಾಡಿತು. ನೀವು ದಡದಲ್ಲಿ ನೋಡುವ ಮೊಸಳೆಗಳಲ್ಲಿ ಈ ಪಾಠ ಕಲಿತವೂ ಇರಬಹುದು.

ಪೂರ್ತಿ ಕಾಲುದಾರಿ ಹೋಗಿ ಬರಲು ಸುಮಾರು 7 ಕಿ.ಮೀ. ಒಂದು ದಿನದ ಪ್ರವಾಸದಲ್ಲಿ ಅಷ್ಟು ನಡೆಯಲು ಆಗುವುದಿಲ್ಲ. ಒಂದೂವರೆ ಗಂಟೆ ಸಾಕು, ಶಕ್ತಿ ಗವಿಗೆ ಉಳಿಸಿಕೊಳ್ಳಿ.

ಹಂತ 7: ಜಂಡಮರ್ರಾನ ಕಥೆ ಕೇಳಿಸಿಕೊಳ್ಳಿ, ಆಮೇಲೆ ಗವಿಗೆ ಹೋಗಿ

ಕಮರಿಯಿಂದ ಗವಿಗೆ ಹೋಗುವ ದಾರಿಯಲ್ಲಿ ಲಿಲಿಮಿಲುರಾ ಎಂಬ ಹಳೆಯ ಪೊಲೀಸ್ ಠಾಣೆಯ ಕಲ್ಲಿನ ಗೋಡೆಗಳಿವೆ. ಸೂರಿಲ್ಲದ ಕಟ್ಟಡ, ಐದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಆದರೆ ಗೈಡ್ ಅಲ್ಲಿ ಹೇಳುವ ಕಥೆ ಇಲ್ಲದಿದ್ದರೆ ಇಡೀ ದಿನ ಅಪೂರ್ಣ.

1880ರ ದಶಕದಲ್ಲಿ ಬಿಳಿಯರು ಕುರಿ, ದನಗಳ ಜೊತೆ ಬುನುಬಾ ನೆಲಕ್ಕೆ ಬಂದರು. ಜಂಡಮರ್ರಾ ಎಂಬ ಹುಡುಗ ಅವರ ಕುರಿದೊಡ್ಡಿಯಲ್ಲೇ ಕೆಲಸ ಕಲಿತ, ಕುದುರೆ ಸವಾರಿಯಲ್ಲಿ, ಬಂದೂಕಿನಲ್ಲಿ ಗಟ್ಟಿಗನಾದ. ಆಮೇಲೆ ರಿಚರ್ಡ್‌ಸನ್ ಎಂಬ ಕಾನ್‌ಸ್ಟೇಬಲ್ ಜೊತೆ ಜಾಡು ಹಿಡಿಯುವ ಕೆಲಸಕ್ಕೆ ಸೇರಿ ತನ್ನವರನ್ನೇ ಹಿಡಿದುಕೊಡಬೇಕಾಯಿತು. 1894ರ ಅಕ್ಟೋಬರ್ ಕೊನೆಯಲ್ಲಿ, ಇಲ್ಲಿಯೇ, ಬುನುಬಾ ಹಿರಿಯರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದಾಗ, ಅವನು ರಿಚರ್ಡ್‌ಸನ್‌ನನ್ನು ಗುಂಡಿಟ್ಟು ಕೊಂದು ಕೈದಿಗಳನ್ನು ಬಿಡಿಸಿದ. ಮುಂದಿನ ತಿಂಗಳು ನೀವು ಈಗಷ್ಟೇ ನಡೆದು ಬಂದ ವಿಂಜಾನಾದಲ್ಲಿ ಪೊಲೀಸರ ಜೊತೆ ದೊಡ್ಡ ಕಾಳಗ ನಡೆಯಿತು. ಜಂಡಮರ್ರಾ ತೀವ್ರವಾಗಿ ಗಾಯಗೊಂಡರೂ ತಪ್ಪಿಸಿಕೊಂಡ. ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಈ ಸಾಲಿನ ಗವಿ, ಸಂದಿಗಳೇ ಅವನಿಗೆ ಆಸರೆ. 1897ರ ಏಪ್ರಿಲ್ 1ರಂದು ಟನಲ್ ಕ್ರೀಕ್‌ನ ಬಾಗಿಲಲ್ಲೇ, ಬೇರೆ ಸೀಮೆಯಿಂದ ಕರೆತಂದ ಒಬ್ಬ ಮೂಲನಿವಾಸಿ ಜಾಡುಗಾರನ ಗುಂಡಿಗೆ ಸತ್ತ. ತಲೆ ಕತ್ತರಿಸಿ ಇಂಗ್ಲೆಂಡ್‌ಗೆ ಕಳಿಸಿದರು.

ಗೈಡ್ ಇದನ್ನು ಹೇಳುವಾಗ ಧ್ವನಿ ಏರಿಸಲಿಲ್ಲ. ನಮ್ಮ ಗುಂಪಿನಲ್ಲಿ ಯಾರೂ ಫೋಟೋ ತೆಗೆಯಲಿಲ್ಲ.

ಹಂತ 8: ಗವಿಯೊಳಗೆ ನಡೆಯುವುದು ಹೇಗೆ

ಟನಲ್ ಕ್ರೀಕ್ ಪಶ್ಚಿಮ ಆಸ್ಟ್ರೇಲಿಯದ ಅತ್ಯಂತ ಹಳೆಯ ಗವಿ. ತೊರೆಯ ನೀರು ಸುಣ್ಣದಕಲ್ಲನ್ನು ಕರಗಿಸುತ್ತಾ ಬೆಟ್ಟದ ಈ ಬದಿಯಿಂದ ಆ ಬದಿಗೆ 750 ಮೀಟರ್ ತೂತು ಕೊರೆದಿದೆ. ಎತ್ತರ ಕೆಲವು ಕಡೆ 12 ಮೀಟರ್, ಅಗಲ 15 ಮೀಟರ್. ಉಸಿರು ಕಟ್ಟುವಂಥ ಇಕ್ಕಟ್ಟು ಎಲ್ಲೂ ಇಲ್ಲ.

ಕಷ್ಟ ಇರುವುದು ಬಾಗಿಲಲ್ಲಿ. ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ, ಅವುಗಳ ನಡುವೆ ನುಸುಳಿ ಇಳಿಯಬೇಕು. ಪ್ರವಾಹದ ನೀರು ಉಜ್ಜಿ ಉಜ್ಜಿ ಕಲ್ಲು ಅಮೃತಶಿಲೆಯಷ್ಟು ನುಣುಪಾಗಿದೆ, ಒದ್ದೆಯಾದರೆ ಜಾರುತ್ತದೆ. ಮುಖ ಕಲ್ಲಿನ ಕಡೆ ಮಾಡಿ, ಇಲ್ಲವೇ ಕೂತು ಕೂತು ಇಳಿಯಿರಿ. ನಿಂತು ಜಿಗಿಯಬೇಡಿ. ಮಂಡಿ ಶಸ್ತ್ರಚಿಕಿತ್ಸೆ ಆದವರಿಗೆ, ತಲೆ ಸುತ್ತು ಬರುವವರಿಗೆ ಇದು ಬೇಡ ಅಂತ ನೇರವಾಗಿಯೇ ಹೇಳುತ್ತೇನೆ. ದಿನಾ ನಡೆಯುವ ಅಭ್ಯಾಸ ಇರುವ ಹಿರಿಯರಿಗೆ ಒಬ್ಬರು ಮುಂದೆ, ಒಬ್ಬರು ಹಿಂದೆ ಇದ್ದರೆ ಆಗುತ್ತದೆ. ಅಪ್ಪನನ್ನು ನಾವು ಹಾಗೇ ಇಳಿಸಿದ್ದು.

ಒಳಗೆ ಹತ್ತು ಹೆಜ್ಜೆ ಹೋಗಿ ನಿಲ್ಲಿ. ಕಣ್ಣಿಗೆ ಕತ್ತಲು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ಆಮೇಲೆ ಟಾರ್ಚ್ ಬೆಳಕು ಎರಡು ಹೆಜ್ಜೆ ಮುಂದೆ, ನೆಲದ ಮೇಲೆ ಇರಲಿ. ನೀರು ಬಂದಾಗ ಕಾಲು ಎತ್ತಿ ಹಾಕುವ ಬದಲು ತಳದಲ್ಲಿ ಜಾರಿಸುತ್ತಾ ಹೋಗಿ, ಕಲ್ಲು ತಾಗಿದರೆ ಮೊದಲೇ ಗೊತ್ತಾಗುತ್ತದೆ. ಆಳ ವರ್ಷ ವರ್ಷ ಬದಲಾಗುತ್ತದೆ. ಮಳೆಗಾಲದ ಪ್ರವಾಹ ಪ್ರತಿ ಸಲ ಮರಳನ್ನು ಬೇರೆ ಕಡೆ ಗುಡ್ಡೆ ಹಾಕುತ್ತದೆ. ನನಗೆ ಮೊದಲ ಸಲ ಮೊಣಕಾಲವರೆಗಿದ್ದ ಜಾಗದಲ್ಲಿ ಎರಡನೇ ಸಲ ತೊಡೆವರೆಗೆ ನೀರಿತ್ತು. ಗೈಡ್ ನಡೆದ ಗೆರೆಯಲ್ಲೇ ನಡೆಯಿರಿ. ಇಲ್ಲೂ ಒಮ್ಮೊಮ್ಮೆ ಸಿಹಿನೀರಿನ ಮೊಸಳೆ ಇರುತ್ತದೆ. ದೂರದ ನೀರಿನ ಮೇಲೆ ಟಾರ್ಚ್ ಬಿಟ್ಟಾಗ ಕೆಂಡದಂತೆ ಎರಡು ಚುಕ್ಕೆ ಹೊಳೆದರೆ ಅದೇ. ಸುಮ್ನೆ ದಾರಿ ಬಿಟ್ಟು ಹೋದರೆ ಸಾಕು.

ಬಾವಲಿಗಳಿಗೆ ಬೆಳಕು ಹಿಡಿಯಬೇಡಿ. ಐದಾದರೂ ಜಾತಿ ಇಲ್ಲಿವೆ. ಅವುಗಳಲ್ಲಿ ಘೋಸ್ಟ್ ಬ್ಯಾಟ್ ಎಂಬ ಮಾಂಸಾಹಾರಿ ಬಾವಲಿ ತುಂಬಾ ಅಪರೂಪದ್ದು, ಗಲಾಟೆಯಾದರೆ ವಾಸದ ಜಾಗವನ್ನೇ ಬಿಟ್ಟು ಹೋಗುತ್ತದೆ. ಮಕ್ಕಳು ಪ್ರತಿಧ್ವನಿಗೆ ಕೂಗುತ್ತಾರೆ, ಮುಂಚೆಯೇ ಹೇಳಿ ಕರೆದುಕೊಂಡು ಹೋಗಿ.

ಅರ್ಧ ದಾರಿಯಲ್ಲಿ ಚಾವಣಿ ಕುಸಿದು ಬೆಟ್ಟದ ತುದಿಯವರೆಗೆ ತೆರೆದುಕೊಂಡಿದೆ. ಮಧ್ಯಾಹ್ನ ಅಲ್ಲಿ ಬೆಳಕು ಇಳಿಯುತ್ತದೆ, ಮರದ ಬೇರುಗಳು ಜೋತು ಬಿದ್ದಿರುತ್ತವೆ, ಹಣ್ಣು ತಿನ್ನುವ ಬಾವಲಿಗಳು ಕಿಚಿಪಿಚಿ ಅನ್ನುತ್ತಿರುತ್ತವೆ. ಅದಕ್ಕೇ ಗವಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಅಂತ ನಾನು ಹೇಳುವುದು. ಹೊರಗೆ ಬಿಸಿಲು ಸುಡುವ ಹೊತ್ತಿನಲ್ಲಿ ನೀವು ತಂಪಿನಲ್ಲಿರುತ್ತೀರಿ.

ಕುಸಿತ ದಾಟಿದ ಮೇಲೆ ನಮ್ಮ ಗೈಡ್ ಎಲ್ಲರ ಟಾರ್ಚ್ ಆರಿಸಲು ಹೇಳಿದಳು. ಕಣ್ಣು ಮುಚ್ಚಿದರೂ, ತೆರೆದರೂ ಒಂದೇ ಕತ್ತಲು. ಎಲ್ಲೋ ತೊಟ್ಟು ತೊಟ್ಟು ನೀರು ಬೀಳುವ ಸದ್ದು. ಮೊಣಕಾಲ ಸುತ್ತ ತಣ್ಣಗೆ ಹರಿಯುವ ನೀರು. ಅಪ್ಪನ ಕೈ ನನ್ನ ಮೊಣಕೈ ಹಿಡಿದಿತ್ತು. ಆಗ ಗೈಡ್ ಬುನುಬಾ ಭಾಷೆಯಲ್ಲಿ ನಾಲ್ಕು ಮಾತು ಆಡಿದಳು, ಬಂದವರು ಯಾರು ಅಂತ ಹಿರಿಯರಿಗೆ ತಿಳಿಸುವ ಮಾತು ಅಂತ ಆಮೇಲೆ ಹೇಳಿದಳು. ನಿಮ್ಮ ಗೈಡ್ ದೀಪ ಆರಿಸಲು ಹೇಳದಿದ್ದರೆ ನೀವೇ ಕೇಳಿಕೊಳ್ಳಿ.

ಆ ತುದಿಯಲ್ಲಿ ಹೊರಗೆ ಬಂದರೆ ಮರಗಳ ನೆರಳು, ತೊರೆ, ಬಂಡೆಯ ಮೇಲೆ ಹಳೆಯ ಚಿತ್ರಗಳು. ಮುಟ್ಟಬಾರದು. ಫೋಟೋ ತೆಗೆಯಬಹುದಾ ಅಂತ ಗೈಡನ್ನು ಕೇಳಿ. ಬೇಡ ಅಂದರೆ ಬೇಡ, ಕಾರಣ ಕೇಳುವ ಅಗತ್ಯವಿಲ್ಲ. ಡ್ರೋನ್‌ಗೆ ಮೊದಲೇ ಅನುಮತಿ ಬೇಕು.

ಬಂದ ದಾರಿಯಲ್ಲೇ ವಾಪಸ್. ಜಾಸ್ತಿ ಜನ ಜಾರಿ ಬೀಳುವುದು ಈಗಲೇ, ಗೊತ್ತಿರುವ ದಾರಿ ಅನ್ನುವ ಧೈರ್ಯದಲ್ಲಿ. ಬಾಗಿಲಿನ ಬಂಡೆ ಹತ್ತುವ ಮುಂಚೆ ಕೂತು ಎರಡು ಗುಟುಕು ನೀರು ಕುಡಿಯಿರಿ.

ಹಂತ 9: ಏನಾದರೂ ಆದರೆ

ಕಾಲು ಉಳುಕಿದರೆ, ಎದೆ ನೋವು ಬಂದರೆ ಸಂಕೋಚ ಬಿಟ್ಟು ತಕ್ಷಣ ಗೈಡ್‌ಗೆ ಹೇಳಿ. ನಮ್ಮ ಹಿರಿಯರು "ಏನಿಲ್ಲ ಬಿಡು" ಅಂತ ಮುಚ್ಚಿಡುವುದೇ ಜಾಸ್ತಿ, ಅವರ ಮೇಲೆ ಒಂದು ಕಣ್ಣಿರಲಿ. ಗೈಡ್ ಸ್ಯಾಟಲೈಟ್ ಫೋನ್‌ನಲ್ಲಿ ಸಹಾಯ ಕರೆಯುತ್ತಾರೆ. ವಿಮಾನದಲ್ಲಿ ವೈದ್ಯರನ್ನು ಕಳಿಸುವ ಫ್ಲೈಯಿಂಗ್ ಡಾಕ್ಟರ್ ಸೇವೆ ಇದೆ, ಆದರೂ ಸಹಾಯ ಬರಲು ಗಂಟೆಗಳೇ ಹಿಡಿಯಬಹುದು. ಭಾರತದಿಂದ ಬಂದ ಅಪ್ಪ-ಅಮ್ಮನಿಗೆ ಪ್ರಯಾಣ ವಿಮೆ ಮಾಡಿಸಿ, ಅದರಲ್ಲಿ ತುರ್ತು ವಿಮಾನ ಸಾಗಣೆಯ ಖರ್ಚು ಸೇರಿದೆಯಾ ನೋಡಿ. ಬಿಪಿ, ಶುಗರ್ ಮಾತ್ರೆ ಆ ದಿನಕ್ಕೆ ಬೇಕಾದ್ದಕ್ಕಿಂತ ಒಂದು ದಿನದ್ದು ಹೆಚ್ಚೇ ಇರಲಿ.

ಹಂತ 10: ವಾಪಸ್

ಸಂಜೆ ಕತ್ತಲಾಗುವ ಹೊತ್ತಿಗೆ ಡರ್ಬಿ. ಆ ಹೊತ್ತಿನಲ್ಲಿ ರಸ್ತೆಗೆ ದನ, ಕಾಂಗರೂ ಅಡ್ಡ ಬರುತ್ತವೆ, ಹಾಗಾಗಿ ಅದೇ ರಾತ್ರಿ ನೀವೇ ಕಾರು ಓಡಿಸಿಕೊಂಡು ಬ್ರೂಮ್‌ಗೆ ಹೋಗುವ ಯೋಚನೆ ಮಾಡಬೇಡಿ. ಇನ್ನೊಂದು ರಾತ್ರಿ ಉಳಿಯಿರಿ. ಬೆಳಿಗ್ಗೆ ಡರ್ಬಿಯ ಜೆಟ್ಟಿಗೆ ಹೋಗಿ ಬನ್ನಿ. ಇಲ್ಲಿ ಸಮುದ್ರದ ಉಬ್ಬರ-ಇಳಿತದ ವ್ಯತ್ಯಾಸ 11 ಮೀಟರ್ ದಾಟುತ್ತದೆ, ಆಸ್ಟ್ರೇಲಿಯದಲ್ಲೇ ಅತಿ ಹೆಚ್ಚು. ಉಬ್ಬರದ ಸಮಯ ಹೋಟೆಲಿನಲ್ಲಿ ಕೇಳಿಕೊಂಡು ಹೋದರೆ, ಬರೀ ಕೆಸರಿದ್ದ ಜಾಗಕ್ಕೆ ಕೆಲವೇ ಗಂಟೆಗಳಲ್ಲಿ ಸಮುದ್ರ ಬರುವುದನ್ನು ನಿಂತು ನೋಡಬಹುದು.

ಶೂಗಳನ್ನು ಆ ರಾತ್ರಿಯೇ ತೊಳೆದು ಒಣಹಾಕಿ. ಕೆಂಪು ಮಣ್ಣು ಒಣಗಿದ ಮೇಲೆ ಹೋಗುವುದಿಲ್ಲ. ಅಪ್ಪನ ಶೂ ಎಷ್ಟು ಉಜ್ಜಿದರೂ ಹೊಲಿಗೆಯ ಸಾಲಿನಲ್ಲಿ ಕೆಂಪು ಉಳಿಯಿತು. ಬಿಸಾಡಿ ಹೊಸದು ಕೊಡಿಸುತ್ತೇನೆ ಅಂದೆ. ಬೇಡ ಅಂದು ಅವನ್ನೇ ಹಾವೇರಿಗೆ ಹಾಕಿಕೊಂಡು ಹೋದರು.